ಸರ್ಕಾರದ ಬಿಸಿನೀರು

ಇನ್ನೂ ಕೋಳಿ ಕೂಗಿಲ್ಲ, ಆಗಲೇ ಬೈಗುಳ ಶುರುವಾಗಿದೆ.

"ಏನವ್ವಾ ಸಿದ್ದಲಿಂಗಮ್ಮ, ನೀರಿನ್ನೂ ಉಗುರುಬೆಚ್ಚಗೇ ಅದಲ್ಲ! ಸರ್ಕಾರ ಕೊಡೋ ಸೌದೆಯ ನಿಮ್ಮ ಹಟ್ಟಿಗೆ ಸಾಗಿಸ್ತಿದ್ದೀಯಾ ಎಂಗೆ?" ಖಾಲಿ ಬಕೀಟು ನೆಲಕ್ಕೆ ಕುಕ್ಕಿ ಕೇಳುತ್ತಿರುವುದು ತಗಡೂರು ಕಡೆಯ ಮಂಚಮ್ಮ. ಸೊಸೆಗೆ ಮೊನ್ನೆ ಹೆರಿಗೆಯಾಗಿದೆ, ಗಂಡು ಮಗು. ಹಾಗಾಗಿ ಗತ್ತು ಸ್ವಲ್ಪ ಜಾಸ್ತಿಯೇ.

ಸಿದ್ದಲಿಂಗಮ್ಮ ಊದುಗೊಳವೆಯನ್ನು ಬಾಯಿಂದ ತೆಗೆಯುತ್ತಾರೆ. "ತಡ್ಕೊ ನಮ್ಮವ್ವ. ನೀರು ಬಾಣಂತಿಗೆ ಹುಯ್ಯಕೋ, ಕೋಳಿ ಪುಕ್ಕ ಕೀಳಕೋ?" ಸಾಲಿನಲ್ಲಿ ನಿಂತವರೆಲ್ಲ ನಗುತ್ತಾರೆ. ಮಂಚಮ್ಮನೂ ನಗುತ್ತಾರೆ, ಬೈಯುವುದನ್ನು ಮಾತ್ರ ಬಿಡುವುದಿಲ್ಲ.

ಆಸ್ಪತ್ರೆಯ ಹಿಂಬದಿ, ಬೇವಿನ ಮರದ ಪಕ್ಕ ಒಂದು ತಗಡಿನ ಶೆಡ್ಡು. ಒಳಗೆ ಕಲ್ಲು ಮಣ್ಣಿನ ಒಲೆ, ಒಲೆಯ ಮೇಲೆ ಇಬ್ಬರು ತಬ್ಬಿ ಹಿಡಿಯಬೇಕಾದಂಥ ತಾಮ್ರದ ಹಂಡೆ. ಮಸಿ ಹಿಡಿದು ತಾಮ್ರ ಎನ್ನುವುದೇ ಮರೆತುಹೋಗಿದೆ. ದಿನಕ್ಕೆ ಮೂರು ಹಂಡೆ ನೀರು ಕಾಯುತ್ತದೆ, ಚಳಿಗಾಲದಲ್ಲಿ ನಾಲ್ಕಾಗುವುದೂ ಉಂಟು. ಬಾಣಂತಿಯರ ಮೈಗೆ, ಕೂಸುಗಳ ಮೈಗೆ, ಕುಡಿಯಲು, ಫ್ಲಾಸ್ಕಿಗೆ. ಬೇರೆ ಕಡೆ ಹೆರಿಗೆ ವಾರ್ಡಿನಲ್ಲಿ ಒಂದು ಚೊಂಬು ಬಿಸಿನೀರಿಗೆ ಎದುರು ಹೋಟೆಲಿನವನ ಮುಂದೆ ಹಲ್ಲು ಗಿಂಜಬೇಕು. ಇಲ್ಲಿ ಬಕೀಟು ಹಿಡಿದು ಬಂದವರೆಲ್ಲ ರಾಣಿಯರೇ.

ಯಾವ ಆಸ್ಪತ್ರೆ ಎಂದು ಕೇಳಬೇಡಿ. ಹೆಸರು ಹಾಕಕೂಡದು ಎನ್ನುವುದು ಸಿದ್ದಲಿಂಗಮ್ಮನ ಷರತ್ತು. ನಂಜನಗೂಡಿನಲ್ಲಿ ತಿ. ನರಸೀಪುರದ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ, ಅಷ್ಟು ಸಾಕು.

ಸಿದ್ದಲಿಂಗಮ್ಮನಿಗೆ ಈಗ ಅರವತ್ತರ ಹತ್ತಿರ. ಹುಟ್ಟಿದ್ದು ಹುಲ್ಲಹಳ್ಳಿಯ ಮಗ್ಗುಲಲ್ಲಿ. ಗಂಡ ಗಾಡಿ ಹೊಡೆಯುತ್ತಿದ್ದವರು, ಮಗಳು ಮೊಣಕಾಲೆತ್ತರ ಇರುವಾಗಲೇ ಹೋದರು. ಆಮೇಲೆ ಈ ಆಸ್ಪತ್ರೆಯಲ್ಲಿ ದಿನಗೂಲಿಗೆ ಕಸ ಗುಡಿಸಿ, ಹೆರಿಗೆ ಕೋಣೆ ತೊಳೆದು ಮಗಳನ್ನು ದಡ ಮುಟ್ಟಿಸಿದರು. ಹಬೆ ಹೊಡೆದು ಹೊಡೆದು ಎರಡೂ ಕೈ ಮಣಿಕಟ್ಟಿನವರೆಗೆ ಸುಲಿದುಹೋಗಿವೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದರದ್ದು ಬಾಕಿ ಇದೆ. "ಒಲೆ ಮುಂದೆ ಕೂರಬ್ಯಾಡ ಅಂದ್ರು ಕಣ್ಣಿನ ಡಾಕ್ಟ್ರು. ಕೂರದೆ ಇನ್ನೇನು ಒಲೆಗೆ ಬೆನ್ನು ಕೊಟ್ಟು ಊದಕಾದದಾ ಸಾ?"

ಈ ಹಂಡೆ ಇಲ್ಲಿಗೆ ಬಂದ ಕತೆ ಹೇಳಬೇಕೆಂದರೆ ಶಿವಸ್ವಾಮಿಯ ಕತೆ ಹೇಳಬೇಕು. ಹೌದು, ಕಂಡಕ್ಟರ್ ಶಿವಸ್ವಾಮಿಯೇ. ವಾರಕ್ಕೊಂದು ಸಂಜೆ ಟಿ.ವಿ.ಯಲ್ಲಿ ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಬರುತ್ತಿದ್ದ ಹೆಮ್ಮರಗಾಲದ ಹುಡುಗ. ಆ ಧಾರಾವಾಹಿಯಲ್ಲಿ ಓಡಿ ಬರುವ ಸ್ಕೂಲು ಮಕ್ಕಳಿಗಾಗಿ ಬಸ್ಸು ನಿಲ್ಲಿಸುತ್ತಿದ್ದ, ಮುದುಕರ ಗಂಟು ತಾನೇ ಇಳಿಸಿಕೊಡುತ್ತಿದ್ದ. ತೊಂಬತ್ತರ ದಶಕದಲ್ಲಿ ಈ ಸೀಮೆಯಲ್ಲಿ ಅವನನ್ನು ಶಿವಸ್ವಾಮಿ ಎಂದು ಕರೆದವರು ಕಮ್ಮಿ. ಎಲ್ಲರಿಗೂ ಕಂಡಕ್ಟ್ರಣ್ಣನೇ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಿಜವಾದ ಕಂಡಕ್ಟರುಗಳೇ ಎದ್ದು ಜಾಗ ಕೊಡುತ್ತಿದ್ದರಂತೆ!

ತೊಂಬತ್ತೇಳರಲ್ಲಿ ಇದೇ ಆಸ್ಪತ್ರೆಯಲ್ಲಿ ಆ ಧಾರಾವಾಹಿಯ ಶೂಟಿಂಗು ನಡೆಯಿತು. ಹೆರಿಗೆ ನೋವು ಬಂದ ಹೆಂಗಸನ್ನು ಕಂಡಕ್ಟರು ಬಸ್ಸಿನ ಸಮೇತ ಆಸ್ಪತ್ರೆಗೆ ತರುವ ದೃಶ್ಯ. ಪುಷ್ಯ ಮಾಸದ ಚಳಿ. ಶೂಟಿಂಗಿನವರು ಅಂಗಳದಲ್ಲಿ ಟೀ ಕಾಸಲು ದೊಡ್ಡ ಪಾತ್ರೆ ಇಟ್ಟಿದ್ದರು. ಒಳಗಿನಿಂದ ಒಬ್ಬ ಅಜ್ಜಿ ಚೊಂಬು ಹಿಡಿದು ಬಂದಳು. ಇವನ ಮುಂದೆ ನಿಂತು ಕೈಮುಗಿದಳು. "ಕಂಡಕ್ಟ್ರಪ್ಪಾ, ಒಂದು ಚೊಂಬು ಬಿಸ್ನೀರು ಕೊಡಪ್ಪ. ನನ್ನ ಮಗಳು ಚಳೀಗೆ ಸೆಡೀತಾ ಅವಳೆ."

ಶಿವಸ್ವಾಮಿ ಟೀ ಪಾತ್ರೆಯ ಕುದಿನೀರನ್ನೇ ಮೊಗೆದು ಕೊಟ್ಟ. ಅಜ್ಜಿಯ ಹಿಂದೆ ಇನ್ನೊಂದು ಲೋಟ ಬಂತು, ಫ್ಲಾಸ್ಕು ಬಂತು, ಆಮೇಲೆ ಬಕೀಟುಗಳೇ ಬಂದವು. ಟೀಪುಡಿ ಪೊಟ್ಟಣದಲ್ಲೇ ಉಳಿಯಿತು. ಅತ್ತ ಡೈರೆಕ್ಟರು ಬಾಯಿ ಬಡಿದುಕೊಳ್ಳುತ್ತಿದ್ದರೆ ಇತ್ತ ಹೀರೋ ಕಂಡಕ್ಟರ್ ಯೂನಿಫಾರಮ್ಮಿನಲ್ಲೇ ನೀರು ಕಾಸುತ್ತಿದ್ದ, ಮಧ್ಯಾಹ್ನದವರೆಗೂ.

ಕೆಲವು ದಿನ ಕಳೆದು ಒಬ್ಬನೇ ಬಂದ. ತಲೆಗೆ ಮಂಕಿ ಟೋಪಿ, ಯಾರಿಗೂ ಗುರುತು ಸಿಗಬಾರದೆಂದು. ಕಸ ಗುಡಿಸುತ್ತಿದ್ದ ಸಿದ್ದಲಿಂಗಮ್ಮನನ್ನು ಮರದಡಿಗೆ ಕರೆದ. "ಅಕ್ಕಾ, ಹಂಡೆ, ಒಲೆ, ಸೌದೆ ಎಲ್ಲಾ ನಾನು ನೋಡ್ಕೊತೀನಿ. ನಿಮ್ಮ ಕೂಲೀನೂ ನಂದೇ. ಡಾಕ್ಟರಮ್ಮನ ಹತ್ರ ಮಾತಾಡಿದ್ದೀನಿ. ಆದ್ರೆ ಯಾರು ಕೇಳಿದ್ರೂ ಸರ್ಕಾರದ್ದು ಅಂದ್ಬುಡಿ."

"ಪುಣ್ಯದ ಕೆಲ್ಸ. ಯಾಕೆ ಬಚ್ಚಿಡಬೇಕು ಸ್ವಾಮಪ್ಪ?" ಎಂದು ಸಿದ್ದಲಿಂಗಮ್ಮ ಕೇಳಿದರು.

"ಆ ಅಜ್ಜಿ ಕೈಮುಗಿದು ಕೇಳ್ತಲ್ಲ, ಅದು ನಂಗೆ ಸರಿಬರಲಿಲ್ಲ. ಧರ್ಮದ್ದು ಅಂದ್ರೆ ಕೈಮುಗೀತಾರೆ. ಸರ್ಕಾರದ್ದು ಅಂದ್ರೆ ಜಗಳ ಆಡಿ ಈಸ್ಕೊತಾರೆ. ಹೆತ್ತವರು ಯಾಕಕ್ಕ ಕೈಮುಗೀಬೇಕು?"

ಸಿದ್ದಲಿಂಗಮ್ಮ ಮಾತು ಕೊಟ್ಟರು. ಅಲ್ಲಿಂದ ಶುರುವಾದ ಬೈಗುಳ ಇವತ್ತಿನವರೆಗೂ ನಿಂತಿಲ್ಲ. ನೀರು ತಣ್ಣಗಿದ್ದರೆ ಸರ್ಕಾರಕ್ಕೆ ಶಾಪ, ಹೊಗೆ ಜಾಸ್ತಿಯಾದರೆ ಮಂತ್ರಿಗೆ ಶಾಪ, ನಡುವೆ ಸಿದ್ದಲಿಂಗಮ್ಮನಿಗೆ ಸಹಸ್ರನಾಮ. ಶಿವಸ್ವಾಮಿ ಆಗಾಗ ಬೆಳಗಿನ ಜಾವ ಬಂದು ಸೌದೆಯ ಮೇಲೆ ಕೂತು ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಂದು ಸಲ ಒಬ್ಬಳು ಮುದುಕಿ ಮಂಕಿ ಟೋಪಿಯವನನ್ನು ಆಸ್ಪತ್ರೆಯ ಜವಾನನೆಂದೇ ತಿಳಿದು, "ತಿಂಗಳಾದ್ರೆ ಸಂಬ್ಳ ಎಣುಸ್ಕೊತೀಯಲ್ಲ, ಎದ್ದು ಒಂದು ಕೊಳ್ಳಿ ನೂಕಕೆ ಏನಾಗದೆ ರೋಗ?" ಎಂದು ಜಾಡಿಸಿದಳು. ಅವನು ಎದ್ದು ಕೊಳ್ಳಿ ನೂಕಿದ. "ಅವತ್ತು ಎಷ್ಟು ಸಂತೋಸವಾಗಿದ್ರು ಅಂದ್ರೆ, ಪ್ರಶಸ್ತಿ ಬಂದಾಗ್ಲೂ ಅಂಗೆ ನಕ್ಕಿರಕಿಲ್ಲ" ಎನ್ನುತ್ತಾರೆ ಸಿದ್ದಲಿಂಗಮ್ಮ.

ಎರಡು ಸಾವಿರದ ಐದರ ಕಾರ್ತಿಕದಲ್ಲಿ ಶಿವಸ್ವಾಮಿ ತೀರಿಕೊಂಡ. ಶೂಟಿಂಗಿನಲ್ಲೇ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲಾ ಮುಗಿದಿತ್ತು. ಇನ್ನೂ ಐವತ್ತು ತುಂಬಿರಲಿಲ್ಲ. ವಾರ್ಡಿನ ಟಿ.ವಿ.ಯಲ್ಲಿ ಸುದ್ದಿ ಬಂದಾಗ ಹಸಿ ಬಾಣಂತಿಯರು ಕೂಸನ್ನು ಎದೆಗವಚಿಕೊಂಡು ಅತ್ತರು. ಸಿದ್ದಲಿಂಗಮ್ಮ ವರಾಂಡದ ಕಂಬ ಹಿಡಿದು ಗೋಳೋ ಎಂದರು. ಯಾರೂ ಯಾಕೆಂದು ಕೇಳಲಿಲ್ಲ. ಊರೇ ಅಳುತ್ತಿರುವಾಗ ಇವರೊಬ್ಬರ ಅಳು ಯಾರ ಲೆಕ್ಕಕ್ಕೆ? ಹೆಮ್ಮರಗಾಲಕ್ಕೆ ಮಣ್ಣಿಗೆ ಹೋಗಲೂ ಆಗಲಿಲ್ಲ. ಅವತ್ತು ವಾರ್ಡು ತುಂಬಿತ್ತು, ನೀರು ಕಾಯಿಸಲು ಬೇರೆ ಯಾರೂ ಇರಲಿಲ್ಲ.

ಅವನ ಹಿಂದೆಯೇ ಸೌದೆಯೂ ನಿಂತಿತು. ಗುಟ್ಟು ಗೊತ್ತಿದ್ದ ಡಾಕ್ಟರಮ್ಮ ಎಂದೋ ವರ್ಗವಾಗಿ ಹೋಗಿದ್ದರು. ಇನ್ನು ಗೊತ್ತಿದ್ದವರು ಸೌದೆ ಡಿಪೋದ ಬೋರಯ್ಯ ಮಾತ್ರ. ಅವರೂ ಕೈಲಾದಷ್ಟು ದಿನ ಲೋಡು ಇಳಿಸಿದರು, ಆಮೇಲೆ ಬಂದು ಕೂತು ಹೇಳಿದರು: "ಹೇಳ್ಬುಡು ಸಿದ್ದಲಿಂಗವ್ವ. ಕಂಡಕ್ಟ್ರಣ್ಣನ ಒಲೆ ಅಂತ ಗೊತ್ತಾದ್ರೆ ಅಭಿಮಾನಿಗಳು ಲಾರಿ ಲಾರಿ ಸೌದೆ ಇಳುಸ್ತಾರೆ. ಸತ್ತೋರ ಹೆಸರೂ ಉಳೀತದೆ, ಒಲೆಯೂ ಉಳೀತದೆ."

ಮಾತೇನೋ ಸರಿಯೇ. ಸಿದ್ದಲಿಂಗಮ್ಮನಿಗೆ ನಿದ್ದೆ ಹತ್ತಲಿಲ್ಲ. ಹೇಳಿದರೆ ಒಲೆ ಉರಿಯುತ್ತದೆ, ಆದರೆ ಮಾತು ಕೆಡುತ್ತದೆ. ಹೇಳದಿದ್ದರೆ ಮಾತು ಉಳಿಯುತ್ತದೆ, ಬಾಣಂತಿಯರು ತಣ್ಣೀರಿನಲ್ಲಿ ನಡುಗಬೇಕು. ತೆಂಗಿನ ಮಟ್ಟೆ ಆಯ್ದರು, ಸಾಮಿಲ್ಲಿನ ಚಕ್ಕೆ ಹೊತ್ತರು, ಹೀಗೆ ಒಂದಷ್ಟು ದಿನ ದೂಡಿದರು. ಕೊನೆಗೆ ಒಂದು ಬೆಳಗ್ಗೆ ಒಲೆಗೆ ಹಾಕಲು ಏನೂ ಉಳಿಯಲಿಲ್ಲ.

ಅವತ್ತು ಇದೆಯಲ್ಲ, ಆ ಹೆಂಗಸರನ್ನು ನೋಡಬೇಕಿತ್ತು! ಬಾಣಂತಿಯರ ಅವ್ವಂದಿರು, ಅತ್ತೆಯರು ಖಾಲಿ ಬಕೀಟು ಹಿಡಿದು ಡಾಕ್ಟರ ಜೀಪಿನ ಮುಂದೆ ಸಾಲಾಗಿ ಕೂತುಬಿಟ್ಟರು. "ನಮ್ಮ ನೀರು ನಮಗೆ ಕೊಡಿ. ಸರ್ಕಾರ ಕೊಟ್ಟಿದ್ದ ನೀವ್ಯಾರು ನಿಲ್ಸಕೆ?" ಎಂದು ಕೂಗಿದರು. ಹೊಸ ಡಾಕ್ಟರು ಕಂಗಾಲಾದರು. ಎಲ್ಲಿ ಹುಡುಕಿದರೂ ಬಿಸಿನೀರಿನ ಸ್ಕೀಮು ಎನ್ನುವುದೇ ಇಲ್ಲ. ಸಿದ್ದಲಿಂಗಮ್ಮನನ್ನು ಕರೆಸಿ ಎಲ್ಲರೆದುರು ಕೇಳಿದರು. "ಇಷ್ಟು ವರ್ಷ ಇದನ್ನ ಯಾರಮ್ಮ ಕೊಡ್ತಿದ್ದಿದ್ದು?"

"ನಾಲಗೆ ತುದೀಗೇ ಬಂದಿತ್ತು ಸಾ ಹೆಸರು. ಆ ಹೆಣ್ಣುಮಕ್ಕಳ ಮುಖ ನೋಡ್ದೆ. ಧರ್ಮದ್ದು ಅಂದ್ಬುಟ್ಟಿದ್ರೆ ಆಗಲೇ ಎದ್ದು ಸೀರೆ ಕೊಡವ್ಕೊಂಡು ಒಳಕ್ಕೆ ಓಗಿರೋವು."

ಸಿದ್ದಲಿಂಗಮ್ಮ ಹೇಳಿದ್ದು ಇಷ್ಟೇ: "ಸರ್ಕಾರದ್ದೇ ಸಾ. ನಾನು ಬೆಂಕಿ ಹಾಕೋಳು, ನಂಗಿನ್ನೇನು ಗೊತ್ತು?"

ಹೆಂಗಸರು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳ್ಳಿಗಳಿಂದ ಇನ್ನಷ್ಟು ಜನ ಬಂದರು. ಡಾಕ್ಟರು ಒಳ್ಳೆಯವರು, ಮೇಲಿನವರಿಗೆ ಬರೆದರು, ಓಡಾಡಿದರು. ತಿಂಗಳೊಪ್ಪತ್ತಿನಲ್ಲಿ ಆಸ್ಪತ್ರೆಯ ಸಮಿತಿಯಿಂದಲೇ ಸೌದೆಗೆ ಮಂಜೂರಾತಿ ಸಿಕ್ಕಿತು, ಸಿದ್ದಲಿಂಗಮ್ಮನ ಕೂಲಿಗೂ. ಅಷ್ಟು ವರ್ಷ ಹೇಳಿಕೊಂಡು ಬಂದ ಸುಳ್ಳು ಹೀಗೆ ನಿಜವಾಯಿತು. ನೋಡಿ ಖುಷಿಪಡಬೇಕಾದವನು ಮಾತ್ರ ಇರಲಿಲ್ಲ.

ಅಲ್ಲಿಗೆ ಎಲ್ಲಾ ಸುಖವಾಯಿತು ಎನ್ನೋಣವೆಂದರೆ, ಜನರ ಬಾಯಿಗೆ ಬೀಗ ಎಲ್ಲಿದೆ? ವರ್ಷದ ಪುಣ್ಯತಿಥಿಗೆ ನಂಜನಗೂಡಿನಲ್ಲಿ ಸಭೆ ಸೇರಿತು. ಸಿದ್ದಲಿಂಗಮ್ಮನೂ ಹೋಗಿ ಹಿಂದೆ ನಿಂತಿದ್ದರು. ಯಾರೋ ಮೈಕು ಹಿಡಿದು ಎಂಥ ಕಲಾವಿದ, ಎಂಥ ನಗು ಎಂದೆಲ್ಲ ಹೊಗಳಿ ಕೊನೆಗೆ ಒಂದು ಮಾತು ಸೇರಿಸಿದರು. "ಒಂದೇ ಕೊರಗು. ಅಷ್ಟು ಸಂಪಾದಿಸಿದರೂ ಹುಟ್ಟಿದ ಮಣ್ಣಿಗೆ ಅವರಿಂದ ಏನೂ ಆಗಲಿಲ್ಲ." ಜನ ಹೌದು ಹೌದು ಎಂದು ತಲೆದೂಗಿದರು.

"ಎದ್ದೋಗಿ ಆ ಮೈಕು ಕಿತ್ಕೊಳನಾ ಅನ್ನುಸ್ತು. ಹೇಳಿದ್ರೆ ನಾಳೀಕೇ ಬೋರ್ಡು ಹಾಕ್ತಾರೆ. ಬೋರ್ಡು ಹಾಕುದ್ರೆ ಸರ್ಕಾರದೋರು, ಇದು ಅವರದಂತೆ, ಅವರ ಕಡೆಯೋರೇ ನೋಡ್ಕೊಳ್ಳಿ ಅಂತ ಕೈ ತೊಳ್ಕೊತಾರೆ. ಬಾಯಿ ಮುಚ್ಕೊಂಡು ಬಂದೆ. ದಾರಿವುದ್ದಕೂ ಅತ್ಕೊಂಡು ಬಂದೆ."

ಆ ಮಾತು ಸಭೆಯಲ್ಲೇ ಉಳಿಯಲಿಲ್ಲ. ಬಿಸಿನೀರಿನ ಸಾಲಿಗೂ ಬಂತು. ಕಂಡಕ್ಟ್ರಣ್ಣ ಜುಗ್ಗ ಅಂತೆ, ಯಾರಿಗೂ ಬಿಡಿಗಾಸು ಬಿಚ್ಚಲಿಲ್ಲವಂತೆ. ಅವನ ಹಂಡೆಯ ನೀರು ಹಿಡಿದುಕೊಂಡೇ ಹಾಗೆನ್ನುತ್ತಿದ್ದರು. ಸಿದ್ದಲಿಂಗಮ್ಮ ಮೂರು ಚಳಿಗಾಲ ಅದನ್ನು ಕೇಳಿಕೊಂಡು ನೀರು ಮೊಗೆದು ಕೊಟ್ಟರು. ತಮ್ಮನ್ನು ಬೈದರೆ ತಿರುಗಿಸಿ ಬೈಯುವ ಬಾಯಿ ಅದು. ಅವನನ್ನು ಬೈದಾಗ ಮಾತ್ರ ಒಂದು ಮಾತೂ ಹೊರಡುತ್ತಿರಲಿಲ್ಲ.

ಈ ಸಂಗತಿ ಹೊರಬಿದ್ದದ್ದು ಸಿದ್ದಲಿಂಗಮ್ಮನಿಂದಲ್ಲ, ಸರ್ವಮಂಗಳಾ ಎಂಬವರಿಂದ. ತಿ. ನರಸೀಪುರದಲ್ಲಿ ಅವರದೊಂದು ಬಟ್ಟೆ ಅಂಗಡಿ ಇದೆ. ಅವರು ಹಟ ಹಿಡಿದ ಮೇಲೆಯೇ ಶಿವಸ್ವಾಮಿಯ ಹೆಸರು ಬರೆಯಲು ಸಿದ್ದಲಿಂಗಮ್ಮ ಒಪ್ಪಿದ್ದು. ಆಸ್ಪತ್ರೆಯ ಹೆಸರಿಗೆ ಮಾತ್ರ ಇಬ್ಬರೂ ಒಪ್ಪಲಿಲ್ಲ.

ಕಳೆದ ಚಳಿಗಾಲದಲ್ಲಿ ಸರ್ವಮಂಗಳಾ ಅವರ ಮಗಳು ಶ್ವೇತಳಿಗೆ ಇಲ್ಲೇ ಹೆರಿಗೆಯಾಯಿತು. ಎಲ್ಲರಂತೆ ಅವರೂ ಬಕೀಟು ಹಿಡಿದು ಬೆಳಗಿನ ಸಾಲಿನಲ್ಲಿ ನಿಂತಿದ್ದರು. ಅವತ್ತೂ ಅದೇ ಮಾತು ಬಂತು. "ಕೋಟಿ ದುಡುದ್ನಂತೆ, ಊರಿಗೊಂದು ನಲ್ಲಿ ಹಾಕುಸ್ಲಿಲ್ಲ" ಎಂದಳು ಒಬ್ಬಳು. ಸರ್ವಮಂಗಳಾ ತಲೆತಗ್ಗಿಸಿ ಪಕ್ಕಕ್ಕೆ ಸರಿದರು. ಎಲ್ಲರೂ ನೀರು ತುಂಬಿಕೊಂಡು ಹೋದರೂ ಅಲ್ಲೇ ನಿಂತಿದ್ದರು.

"ಯಾವೂರವ್ವ?" ಎಂದರು ಸಿದ್ದಲಿಂಗಮ್ಮ.

"ಕೊಟ್ಟಿರೋದು ನರಸೀಪುರಕ್ಕೆ. ಹುಟ್ಟಿದ್ದು ಹೆಮ್ಮರಗಾಲ. ಈಗ ಅಂದ್ರಲ್ಲ, ಅವರು ನನ್ನ ಅಣ್ಣ." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. "ಜನ ಅಂತಾರೆ, ಅನ್ನಲಿ. ಅಲ್ಲ, ಹಿಂಗೆ ಮಾಡಿದ್ದಾನೆ ನಮ್ಮಣ್ಣ ಅಂತ ತಿರುಗಿ ಹೇಳಕ್ಕೆ ನನ್ನ ಹತ್ರ ಒಂದೇ ಒಂದು ಮಾತಿಲ್ವಲ್ಲ, ಅದೇ ನಂಗೆ ಸಂಕಟ. ನಾನೂ ಅವರಂಗೇ ಅಂದ್ಕೊಬೇಕಾಯ್ತಲ್ಲ."

ಸಿದ್ದಲಿಂಗಮ್ಮ ಉರಿ ಇಳಿದಿದ್ದ ಒಲೆಗೆ ಇನ್ನೊಂದು ಕೊಳ್ಳಿ ನೂಕಿದರು. ಅವರ ಕೈಯಿಂದ ಬಕೀಟು ಈಸಿಕೊಂಡು ಕಂಠದವರೆಗೆ ತುಂಬಿಸಿ ಮುಂದಿಟ್ಟರು.

"ತಕೊ ತಾಯಿ. ಇದು ನಿನ್ನ ತವರಿನ ನೀರು."

ಸರ್ವಮಂಗಳಾ ಮೊದಲು ಹಂಡೆ ನೋಡಿದರು, ಆಮೇಲೆ ಸಿದ್ದಲಿಂಗಮ್ಮನ ಮುಖ ನೋಡಿದರು. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಣ್ಣ ಹೋದಾಗ ಊರ ಮುಂದೆ ಅತ್ತಿದ್ದೇ ಬೇರೆ, ಇವತ್ತಿನ ಅಳುವೇ ಬೇರೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಲೆಯ ಮುಂದೆ ಕುಕ್ಕರಿಸಿಬಿಟ್ಟರು. ಸಿದ್ದಲಿಂಗಮ್ಮ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದರು, ಟೀ ಪಾತ್ರೆಯಿಂದ ಹಿಡಿದು ಮಂಕಿ ಟೋಪಿಯವರೆಗೆ. ಅಷ್ಟರಲ್ಲಿ ಬೆಳ್ಳಗೆ ಬೆಳಕಾಗಿತ್ತು.

ಸರ್ವಮಂಗಳಾ ಎದ್ದು ಬಕೀಟು ಹೊತ್ತು ವಾರ್ಡಿಗೆ ಹೋದರು. ಮಗಳ ಮೈಗೆ ಹುಯ್ದರು, ಮೊಮ್ಮಗಳ ಮೈಗೆ ಹುಯ್ದರು. ಸ್ವಲ್ಪ ಹೊತ್ತಿಗೆ ಬಕೀಟು ಖಾಲಿ ಮಾಡಿಕೊಂಡು ಮತ್ತೆ ಶೆಡ್ಡಿಗೆ ಬಂದರು.

"ಇನ್ನೊಂದು ಬಕೀಟು ಕೊಡಿ ಸಿದ್ದಲಿಂಗಕ್ಕ. ಇದು ನಂಗೆ."