ತೆರೆದ ಪಾತ್ರೆಯ ದೊಡ್ಡಪತ್ರೆ

ಮೈದುನನ ಮಗಳು ಹೊನ್ನಾವರದ ನಮ್ಮ ಮನೆಯಲ್ಲಿದ್ದುಕೊಂಡು ಕುಮಟಾದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಾವಿಕಟ್ಟೆ ಪಕ್ಕದ ದೊಡ್ಡಪತ್ರೆಯನ್ನೇ ಆರಿಸಿಕೊಂಡಳು. ಆ ಎಲೆ ರೋಗಾಣು ಬೆಳೆಯುವುದನ್ನು ತಡೆಯುತ್ತದೆಯೇ ಎಂದು ನೋಡಬೇಕಿತ್ತು.

ಒಂದು ಬೆಳಿಗ್ಗೆ ಬಸ್ಸಿಗೆ ಓಡುತ್ತಾ, "ದೊಡ್ಡಮ್ಮ, ಸಂಜೆಗೆ ಒಂದು ಮುಷ್ಟಿ ಎಲೆ ಸಾರ ತೆಗ್ದಿಡು" ಅಂದಳು.

"ಆತು" ಅಂದೆ. ಎಲೆಯ ಸಾರ ಅಂದರೆ ನನಗೆ ಕಷಾಯವೇ. ನಾಲ್ಕು ಲೋಟ ನೀರು ಒಂದಕ್ಕಿಳಿಯುವವರೆಗೆ ಕುದಿಸಿದೆ. ಮನೆಯೆಲ್ಲ ಘಮಘಮ. ಕೆಲಸ ಒಪ್ಪವಾಯಿತೆಂದು ಸಮಾಧಾನಪಟ್ಟೆ.

ಮೂರನೆಯ ದಿನ ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು. ರೋಗಾಣು ಬೆಳೆಸಿದ ಗಾಜಿನ ತಟ್ಟೆಯಲ್ಲಿ, ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ಉಂಗುರ ಕಾಣಬೇಕಿತ್ತಂತೆ. ಕಂಡಿರಲಿಲ್ಲ. ಪ್ರಾಜೆಕ್ಟ್ ಒಪ್ಪಿಸಲು ಉಳಿದದ್ದು ಒಂದೇ ವಾರ.

ಜಗುಲಿಯಲ್ಲಿದ್ದ ಅತ್ತೆ ನನ್ನನ್ನೇ ಕೇಳಿದರು: "ಎಂತ ಮಾಡಿ ಕೊಟ್ಟಿದ್ದೆ?"

"ಕುದ್ಸಿ ಕೊಟ್ಟೆ."

"ಮುಚ್ಚಳ ಹಾಕಿದ್ಯಾ?"

"ಇಲ್ಲ."

"ಹಾಗಾರೆ ಮದ್ದೆಲ್ಲಾ ಹಬೆ ಜೊತೆ ಮಾಡಿನ ಹಂಚಿಗೆ ಹೋಯ್ತು. ಅಡುಗೆಮನೆ ಜಿರಳೆಗೆ ನೆಗಡಿ ಇದ್ರೆ ಗುಣ ಆದೀತು ನೋಡು! ಹಸಿ ಎಲೆ ಗುದ್ದಿ ಹಿಂಡೂಕೆ ಬರೂದಿಲ್ವಾ?"

ಹುಡುಗಿ ನಕ್ಕುಬಿಟ್ಟಳು. "ಅಜ್ಜಿ ಹೇಳೂದು ಸರಿ. ಅದರ ಪರಿಮಳದ ಎಣ್ಣೆಯಲ್ಲೇ ಕಾರ್ವಕ್ರಾಲ್ ಅಂತ ಇರ್ತದೆ, ರೋಗಾಣು ತಡೆಯೂದು ಅದೇ. ಆವಿ ಜೊತೆ ಹಾರಿ ಹೋಗ್ತದೆ. ಹೇಗೆ ತೆಗೆದದ್ದು ಅಂತ ನಾನೂ ಕೇಳ್ಲಿಲ್ಲ."

ಮರುದಿನ ಬೇಗ ಎದ್ದು ಎಲೆ ಕೊಯ್ದು, ಒರೆಸಿ, ಕಲ್ಲಿನಲ್ಲಿ ಗುದ್ದಿ, ತೆಳು ಬಟ್ಟೆಯಲ್ಲಿ ಹಿಂಡಿ, ಬಾಟಲಿಯ ಬಿರಡೆ ಬಿಗಿಮಾಡಿ ಕೊಟ್ಟೆ. ಮತ್ತೆ ಎರಡು ದಿನ ಅವಳಿಗೂ ಊಟ ಸೇರಲಿಲ್ಲ, ನನಗೂ.

ಕೊನೆಗೆ ಮೊಬೈಲಿನಲ್ಲಿ ಫೋಟೋ ಬಂತು. ಮಸುಕು ತಟ್ಟೆಯ ನಡುವೆ, ಬಿಲ್ಲೆಯ ಸುತ್ತ ಕನ್ನಡಿಯಷ್ಟು ಸ್ವಚ್ಛವಾದ ಉಂಗುರ. ಇಷ್ಟು ವರ್ಷ ತಂಬುಳಿ ಮಾಡಿ ಉಂಡ ಎಲೆ! ಅದರ ಕೆಲಸವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಸಂಜೆ ಅವಳು ಎರಡೂ ತಟ್ಟೆಗಳ ಚಿತ್ರವನ್ನು ವರದಿಯಲ್ಲಿ ಅಕ್ಕಪಕ್ಕ ಅಂಟಿಸುತ್ತಿದ್ದಳು.

"ನನ್ನ ಪೆದ್ದುತನ ಎಂತಕ್ಕೆ ಹಾಕ್ತೆ ಮಾರಾಯ್ತಿ? ತೆಗಿ ಅದನ್ನ."

"ಅದು ಇಲ್ದಿದ್ರೆ ಕುದಿಸಿದ್ರೆ ಎಂತ ಆಗ್ತದೆ ಅಂತ ಗೊತ್ತಾಗೂದು ಹೇಗೆ, ದೊಡ್ಡಮ್ಮ?" ಅಂದು, ಖಾಲಿ ಉಂಗುರವಿಲ್ಲದ ಚಿತ್ರದ ಮೂಲೆಯನ್ನೂ ಹೆಬ್ಬೆರಳಿನಿಂದ ಜೋಪಾನವಾಗಿ ಒತ್ತಿದಳು.