ಬಾರದ ಗೌರಿ ಬಾಗಿನ

ನಾಗರತ್ನಕ್ಕ, ನಿಮ್ಮ ಗುಟ್ಟನ್ನು ನಿಮ್ಮ ಅತ್ತಿಗೆಯ ಕಿವಿಗೆ ಹಾಕಿದವಳು ನಾನೇ. ನೀವು ನಮ್ಮ ಟರ್ಕಿಶ್ ತರಗತಿಯ ಇನ್ಯಾರನ್ನೋ ಅನುಮಾನಿಸಿ ನನ್ನೆದುರೇ ಅತ್ತಿರಿ. ನಾನು ಸಮಾಧಾನ ಹೇಳಿ ಕಾಫಿ ಮಾಡಿಕೊಟ್ಟೆ — ಥೂ, ನೆನೆದರೆ ನನಗೆ ನಾನೇ ಹೇಸಿಗೆ.

ಜರಗನಹಳ್ಳಿಯಲ್ಲಿ ನಿಮ್ಮ ಅಣ್ಣನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಲ್ಲಿಗೆ ಬಂದುಹೋಗುತ್ತಿದ್ದ ನಿಮಗೂ ನನ್ನಂತೆಯೇ ಟರ್ಕಿಶ್ ಧಾರಾವಾಹಿಗಳ ಹುಚ್ಚು. ಇಬ್ಬರೂ ಜಯನಗರದಲ್ಲಿ ಆ ಭಾಷೆ ಕಲಿಯಲು ಸೇರಿದೆವು. ಒಂದು ದಿನದ ಪಾಠ, ಆಗಿಹೋದದ್ದಕ್ಕೆ ಹಳಹಳಿಸುವ ಬಗೆ. ಪಿಯುಸಿಯಲ್ಲಿ ಇನ್ನಷ್ಟು ಓದಬೇಕಿತ್ತು ಎಂದು ನಾನು ಏನೋ ಗೀಚಿದೆ. ನೀವು ಎದ್ದು ನಿಂತು ಓದಿದಿರಿ: "ಕೆಶ್ಕೆ ಇಮ್ಜಾಲಾಮಸಾಯ್ದಿಮ್." ಸಹಿ ಹಾಕಬಾರದಿತ್ತು.

ಯಾವ ಸಹಿ ಎಂದು ಮೇಡಂ ಕೇಳಲಿಲ್ಲ. ಬಸ್ಸಿಗೆ ಕಾಯುವಾಗ ಕೆದಕಿದವಳು ನಾನು. ಅರಿಸಿನ ಕುಂಕುಮಕ್ಕೆಂದು ಕರೆದು, ಸೀರೆ ಕೊಟ್ಟು, ತವರಿನ ಜಮೀನಿನ ಹಕ್ಕು ಬಿಟ್ಟೆನೆಂದು ಅಣ್ಣ ಬರೆಸಿಕೊಂಡದ್ದನ್ನು ಹೇಳಿದಿರಿ.

"ಕನ್ನಡದಲ್ಲಿ ಈ ಮಾತು ಇವತ್ತಿನವರ್ಗೂ ಬಾಯಿಂದ ಆಚೆ ಬಂದಿಲ್ಲ ಕಣಮ್ಮ. ಅಣ್ಣಂಗೆ ಗೊತ್ತಾದ್ರೆ ನಂಗೆ ತವರು ಮುಗ್ದಂಗೆ."

ಮಾರನೆಯ ದಿನ ನಿಮ್ಮ ಅತ್ತಿಗೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಓನರ್ ಮನೆಯವರಿಗೆ ಹತ್ತಿರದವಳಾಗಬೇಕೆಂಬ ಆಸೆ, ಹಾಳು ಬಾಯಿಚಪಲ — "ನಿಮ್ ನಾದಿನಿ ಕ್ಲಾಸಲ್ಲಿ ಏನ್ ಬರೆದ್ರು ಗೊತ್ತಾ ಆಂಟಿ?" ಹೇಳುವಾಗ ರುಚಿಯಾಗಿತ್ತು, ಅಕ್ಕ.

ಆ ವರ್ಷ ಗೌರಿ ಹಬ್ಬಕ್ಕೆ ನೀವು ಒಬ್ಬಟ್ಟು ಮಾಡಿಟ್ಟು ಅಣ್ಣನ ದಾರಿ ಕಾದಿರಿ. ಬಾಗಿನದ ಮೊರ ಬರಲಿಲ್ಲ. ಜರಗನಹಳ್ಳಿಯಿಂದ ನಿಮ್ಮ ಕೋಣನಕುಂಟೆ ಮನೆ ಏನು ದೂರವೇ? ಮರುವರ್ಷವೂ ಬರಲಿಲ್ಲ, ಅದರ ಮರುವರ್ಷವೂ... ಜಮೀನು ಹೋದ ಮೇಲೆ ತವರಿನಿಂದ ನಿಮಗೆ ಉಳಿದಿದ್ದದ್ದು ಅದೊಂದೇ. ಅದನ್ನೂ ನಾನು ಕಳೆದೆ. ನೀವು ಮಾತ್ರ ಸಿಕ್ಕಾಗಲೆಲ್ಲ "ಊಟ ಆಯ್ತೇನಮ್ಮ" ಎನ್ನುತ್ತಿದ್ದಿರಿ.

ಹೇಳಬಾರದಿತ್ತು — ಇದನ್ನು ಟರ್ಕಿಶ್‌ನಲ್ಲಿ ಒಂದೂ ತಪ್ಪಿಲ್ಲದೆ ಬರೆಯಬಲ್ಲೆ. ನಿಮಗೆ ಕನ್ನಡದಲ್ಲಿ ಹೇಳಲು ಮೂರು ಹಬ್ಬ ಕಳೆಯಬೇಕಾಯಿತು. ನಾನು ಹೇಡಿ, ಅಷ್ಟೆ.

ನಾಳೆ ಮತ್ತೆ ಗೌರಿ ಹಬ್ಬ. ನೀವು ಒಬ್ಬಟ್ಟು ಮಾಡುತ್ತೀರಿ, ಗೊತ್ತು. ಗೇಟಿನ ಸದ್ದಾದರೆ ಅಣ್ಣನೆಂದು ಓಡಿ ಬರುತ್ತೀರಿ — ಈ ಕಾಗದ ಹಿಡಿದು ನಿಂತಿರುವವಳು ನಾನು. ನೀವು ಓದಿ ಮುಗಿಸುವವರೆಗೂ ಹೊಸ್ತಿಲ ಆಚೆಯೇ ಇರುತ್ತೇನೆ. ಒಳಗೆ ಕರೆಯಬೇಡಿ.