ಮೆತ್ತಗೆ ಕೂರ್ತಿದೆ ಎಂದ ಕಿವಿ ಮೇಸ್ತ್ರಿ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಯಾವ ವಾಲ್ವ್ ಸರಿಯಿಲ್ಲವೆಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಆ ಮಾತು ಹುಸಿಯಾಗಿರಲಿಲ್ಲ. ಆದರೆ ಮೂವತ್ತು ವರ್ಷದ ಗದ್ದಲ ಕಿವಿಯನ್ನು ಬಿಟ್ಟೀತೇ? ಈಚೆಗೆ ಹೆಂಡತಿ ರೇಗುತ್ತಿದ್ದಳು: "ಮೂರು ಸಲ ಕೂಗಿದೆ. ಕಿವೀಲಿ ಹತ್ತಿ ಇಟ್ಕೊಂಡಿದೀರಾ?" ಅವನು ನಕ್ಕು ತೇಲಿಸಿಬಿಡುತ್ತಿದ್ದ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದು ರೂಢಿಯಾಗಿತ್ತು. ಕಿವಿ ಹೋಯಿತೆಂದು ಊರಿಗೆಲ್ಲ ಗೊತ್ತಾದರೆ ತನ್ನಲ್ಲಿ ಉಳಿಯುವುದಾದರೂ ಏನು ಎಂಬ ಭಯ ಅವನಿಗೆ.

ಪ್ರಯೋಗದ ಕೋಣೆಯ ಇಂಜಿನಿಯರ್ ಅವನ ಮಗಳ ವಯಸ್ಸಿನವಳು. ಅವಳ ಹೊಸ ಇಂಜಿನ್ನಿನಲ್ಲಿ ವಾಲ್ವುಗಳನ್ನು ತಳ್ಳುವ ಕ್ಯಾಮ್ ಶಾಫ್ಟೇ ಇಲ್ಲ. ಕರೆಂಟು ಹರಿದಾಗ ಆಯಸ್ಕಾಂತವಾಗುವ ಸುರುಳಿಗಳೇ ಅವನ್ನು ತೆರೆದು ಮುಚ್ಚುತ್ತವೆ. ಬೇಕಾದಾಗ ಬೇಕಾದಷ್ಟೇ ತೆರೆಯುವುದರಿಂದ ಪೆಟ್ರೋಲ್ ಉಳಿಯುತ್ತದೆ. ಒಂದೇ ಪೀಕಲಾಟ: ಆಯಸ್ಕಾಂತದ ಹತ್ತಿರ ಬಂದಷ್ಟೂ ಸೆಳೆತ ಹೆಚ್ಚಿ, ವಾಲ್ವ್ ಮೆಲ್ಲಗೆ ಕೂರದೆ ಬಡಿಯುತ್ತದೆ. ಬಡಿದೂ ಬಡಿದೂ ಮುರಿಯುತ್ತದೆ.

ಅವತ್ತು, ಮೂರನೇ ವಾಲ್ವ್ ಎಷ್ಟು ಜೋರಾಗಿ ಕೂರುತ್ತಿದೆಯೆಂದು ತೋರಿಸುವ ಸೆನ್ಸರ್ ಕೆಟ್ಟಿತ್ತು. ಹೊಸದು ಬರಲು ವಾರ ಬೇಕು.

"ನಿಮ್ಮ ಕಿವಿ ಇರೋವಾಗ ಸೆನ್ಸರ್ ಯಾಕೆ ಮೇಸ್ತ್ರಿ?" ಎಂದಳು ಅವಳು.

ಅವನು ಕಿವಿಯಿಟ್ಟು ಕೇಳಲೆಂದೇ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದಿಟ್ಟು ಓಡಿಸಿದರು. ಸ್ಕ್ರೂಡ್ರೈವರ್ ಆನಿಸಿದ. ಬರೀ ಗುಂಯ್ ಎನ್ನುವ ಸದ್ದು, ಅದೂ ತಲೆಯೊಳಗಿನದೇ. ಕೇಳಿಸುತ್ತಿಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ಹಾಳು ಮರ್ಯಾದೆ ಅಡ್ಡ ಬಂತು.

"ಮೆತ್ತಗೆ ಕೂರ್ತಿದೆ ತಾಯಿ. ವೇಗ ಏರಿಸಿ."

ಏರಿಸಿದಳು; ನೋಡಲು ಬಾಗಿದಳು. ವಾಲ್ವಿನ ಕಡ್ಡಿ ಮುರಿದು ಚೂರೊಂದು ಸಿಡಿಯಿತು. ಅವಳ ಎಡಗಣ್ಣು ಹೋಯಿತು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದವಳು ಹಗಲೆಲ್ಲ ತನ್ನ ಇಂಜಿನ್ನಿನ ಲೆಕ್ಕವನ್ನೇ ಕೆದಕುತ್ತಿದ್ದಳು. ಒಂದು ದಿನ ಕಾಗದಗಳನ್ನು ಪಕ್ಕಕ್ಕೆ ತಳ್ಳಿದಳು.

"ಮೆತ್ತಗಿದೆ ಅಂತ ನೀವೇ ಅಂದ್ಮೇಲೆ ತಪ್ಪು ನಂದೇ. ಎಲ್ಲಿ ಅಂತ ಸಿಗ್ತಿಲ್ಲ. ಈ ಕೆಲಸಾನೇ ಬಿಟ್ಬಿಡ್ತೀನಿ ಮೇಸ್ತ್ರಿ."

ಅವನು ಆ ಕಾಗದಗಳನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದ.

"ಬಿಡಬೇಡಿ ತಾಯಿ. ಅವತ್ತು ನಂಗೇನೂ ಕೇಳಿಸ್ಲಿಲ್ಲ. ಕೇಳಿಸ್ತು ಅಂತ ಸುಳ್ಳು ಹೇಳ್ದೆ. ನನ್ನ ಕಿವಿ ಹೋಗಿ ವರ್ಷ ಆಯ್ತು."

ಅವಳು ಉಳಿದ ಕಣ್ಣಿನಿಂದ ಅವನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಏನೋ ಅಂದಳು. ತುಟಿ ಕಾಣದೆ, ಬೈದಳೋ, ಕ್ಷಮಿಸಿದಳೋ ಅವನಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿ ಎಂದು ಕೇಳುವ ಮುಖ ಅವನಿಗಿರಲಿಲ್ಲ.